ಸೂಪಿನಲ್ಲಿ ಏನಿದೆ ಅಂತ ಕೇಳಿ: ಸ್ಕಾಟ್ಲೆಂಡಿಗೆ ಹೊಸದಾಗಿ ಬಂದವರಿಗೆ ಪಬ್ ಊಟದ ಬಗ್ಗೆ

ನಾವು ಅಬರ್ಡೀನ್‌ಗೆ ಬಂದದ್ದು 2006ರ ಸೆಪ್ಟೆಂಬರಿನಲ್ಲಿ. ಯಜಮಾನರಿಗೆ ಎಣ್ಣೆ ಕಂಪನಿಯಲ್ಲಿ ಕೆಲಸ. ಮೊದಲ ಸಂಬಳ ಬಂದ ದಿನ ಬಂದರಿನ ಹತ್ತಿರದ ಒಂದು ಪಬ್‌ಗೆ ಊಟಕ್ಕೆ ಹೋದೆವು. ಕಿಟಕಿ ಪಕ್ಕದ ಮೇಜು ಹಿಡಿದು ಕೂತೆವು. ಮುಕ್ಕಾಲು ಗಂಟೆ ಕೂತರೂ ಯಾರೂ ಬಂದು ಏನು ಬೇಕು ಅಂತ ಕೇಳಲಿಲ್ಲ. ನಮ್ಮ ನಂತರ ಬಂದವರಿಗೆ ತಟ್ಟೆ ಬಂತು. ಅವರ ನಂತರ ಬಂದವರಿಗೂ ಬಂತು. ನಮ್ಮ ಬಣ್ಣ ನೋಡಿ ಹೀಗೆ ಮಾಡುತ್ತಿದ್ದಾರೆ ಅಂತ ನಾನು ಅಂದೆ. ಯಜಮಾನರು ಏನೂ ಮಾತಾಡದೆ ಕೋಟು ಹಾಕಿಕೊಂಡರು. ಮನೆಗೆ ಬಂದು ಚಿತ್ರಾನ್ನ ಕಲಸಿಕೊಂಡು ತಿಂದೆವು.

ಆ ಸಿಟ್ಟು ಒಂದು ವರ್ಷ ನನ್ನೊಳಗೆ ಇತ್ತು. ಆಮೇಲೆ ಒಂದು ದಿನ ಆಫೀಸಿನವರ ಜೊತೆ ಹೋದಾಗ ಗೊತ್ತಾಯಿತು: ಇಲ್ಲಿನ ಸಾಧಾರಣ ಪಬ್‌ಗಳಲ್ಲಿ ನಾವೇ ಎದ್ದು ಹೋಗಿ ಬಾರ್ ಕೌಂಟರಿನಲ್ಲಿ ಹೇಳಬೇಕು. ಮೇಜಿನ ಮೇಲೆ ನಂಬರ್ ಇರುತ್ತದೆ. ಅದನ್ನು ನೋಡಿಕೊಂಡು ಹೋಗಿ, ಊಟ, ಕುಡಿಯೋದು ಎರಡನ್ನೂ ಹೇಳಿ, ದುಡ್ಡು ಅಲ್ಲೇ ಕೊಟ್ಟು ಬರಬೇಕು. ಕುಡಿಯೋದನ್ನು ನಾವೇ ಕೈಯಲ್ಲಿ ಹಿಡಿದು ತರಬೇಕು, ಊಟವನ್ನು ಅವರು ಮೇಜಿಗೆ ತರುತ್ತಾರೆ. ಆ ದಿನ ಅವರು ನಮ್ಮನ್ನು ನೋಡಿ, ಯಾರಿಗೋ ಕಾಯುತ್ತಿದ್ದಾರೆ, ಆರಾಮಾಗಿ ಕೂತಿರಲಿ ಅಂತ ಬಿಟ್ಟಿದ್ದರು, ಅಷ್ಟೇ. ಬಣ್ಣ ನೋಡಿ ಭೇದ ಮಾಡುವವರು ಈ ದೇಶದಲ್ಲಿ ಇಲ್ಲ ಅಂತ ನಾನು ಹೇಳುವುದಿಲ್ಲ. ಬಸ್ಸಿನಲ್ಲಿ ನಾನೇ ಮಾತು ಕೇಳಿದ್ದೇನೆ. ಆದರೆ ಆ ಪಬ್ಬಿನಲ್ಲಿ ಅದು ಇರಲಿಲ್ಲ. ಎದ್ದು ಹೋಗಿ ಒಂದು ಮಾತು ಕೇಳಿದ್ದರೆ ಆ ವರ್ಷವೆಲ್ಲ ಬೇರೆ ಥರ ಇರುತ್ತಿತ್ತು.

ಕೌಂಟರಿನ ಮುಂದೆ ಕ್ಯೂ ಕಾಣುವುದಿಲ್ಲ. ಆದರೂ ಯಾರು ಮೊದಲು ಬಂದರು ಅನ್ನುವುದು ಎಲ್ಲರಿಗೂ ಗೊತ್ತಿರುತ್ತದೆ. ಕೈ ಬೀಸಬೇಡಿ, ಚಿಟಿಕೆ ಹೊಡೆಯಬೇಡಿ. ಸುಮ್ಮನೆ ನಿಂತು ಕೌಂಟರಿನವರ ಕಣ್ಣಿಗೆ ಬಿದ್ದರೆ ಸಾಕು. ಕುಡಿಯುವ ನೀರು ಕೇಳಿದರೆ ಪುಕ್ಕಟೆ ಕೊಡಲೇಬೇಕು, ಸ್ಕಾಟ್ಲೆಂಡಿನ ಲೈಸೆನ್ಸ್ ನಿಯಮವೇ ಅದು. ಟಿಪ್ಸ್ ಬಾರ್‌ನಲ್ಲಿ ಕೊಡಬೇಕಾಗಿಲ್ಲ. ಮೇಜಿಗೇ ಬಂದು ಕೇಳಿ ಬಡಿಸುವ ಜಾಗವಾದರೆ ನೂರಕ್ಕೆ ಹತ್ತು ಕೊಡುವುದು ವಾಡಿಕೆ. ನೋಡಲು 25ಕ್ಕಿಂತ ಚಿಕ್ಕವರ ಹಾಗೆ ಇದ್ದು ಬಿಯರ್ ಕೇಳಿದರೆ ವಯಸ್ಸಿನ ಪುರಾವೆ ಕೇಳುತ್ತಾರೆ. ಪಾಸ್‌ಪೋರ್ಟ್ ಅಥವಾ ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಇಟ್ಟುಕೊಳ್ಳಿ, ಮುಗೀತು.

ಗಂಟೆಯ ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಪಬ್ ತೆರೆದಿದೆ ಅಂದರೆ ಅಡುಗೆಮನೆಯೂ ತೆರೆದಿದೆ ಅಂತ ಅಲ್ಲ. ಹಳ್ಳಿಗಳ ಕಡೆ ಮಧ್ಯಾಹ್ನ ಎರಡು, ಎರಡೂವರೆಗೆ ಒಲೆ ಆರಿಸಿ ಮತ್ತೆ ಹಚ್ಚುವುದು ಐದರ ಮೇಲೆ. ರಾತ್ರಿ ಎಂಟೂವರೆ, ಹೆಚ್ಚೆಂದರೆ ಒಂಬತ್ತಕ್ಕೆ ಕೊನೆ. ನಮ್ಮ ಮನೆಯಲ್ಲಿ ರಾತ್ರಿ ಊಟ ಒಂಬತ್ತರ ಮೇಲೆಯೇ ಅಲ್ವಾ? ಅದರ ಜೊತೆಗೆ ಜೂನ್ ತಿಂಗಳಲ್ಲಿ ಇಲ್ಲಿ ಹತ್ತು ಗಂಟೆಗೂ ಹೊರಗೆ ಬೆಳಕು. ಒಂದು ಸಲ ಗ್ಲೆನ್‌ಕೋ ಕಡೆ ಕಾರಿನಲ್ಲಿ ಹೊರಟೆವು. ಬೆಟ್ಟ ನೋಡುತ್ತಾ, ಫೋಟೋ ತೆಗೆಯುತ್ತಾ, ಸಂಜೆ ಇನ್ನೂ ಆಗಿಲ್ಲ ಅನ್ನುವ ಭಾವನೆಯಲ್ಲಿ ನಿಧಾನ ಮಾಡಿದೆವು. ಪಬ್ ಸಿಕ್ಕಾಗ ಒಂಬತ್ತು ಗಂಟೆ ಹತ್ತು ನಿಮಿಷ. ಅಡುಗೆಯವರು ಒರೆಸಿ ಮನೆಗೆ ಹೊರಟಿದ್ದರು. ನಾಲ್ಕು ವರ್ಷದ ಮಗಳು ಆ ರಾತ್ರಿ ಎರಡು ಪ್ಯಾಕೆಟ್ ಕ್ರಿಸ್ಪ್ಸ್, ಅಂದರೆ ನಮ್ಮ ಆಲೂಗಡ್ಡೆ ಚಿಪ್ಸ್, ತಿಂದು ಮಲಗಿದಳು. ಬೇಸಿಗೆಯಲ್ಲಿ ಬೆಟ್ಟದ ಕಡೆ, ಸ್ಕೈ ದ್ವೀಪದ ಕಡೆ ಹೋಗುವವರು ಮೊದಲೇ ಫೋನ್ ಮಾಡಿ ಮೇಜು ಹೇಳಿಡಿ. ಮಕ್ಕಳಿದ್ದಾರೆ ಅಂತಲೂ ಹೇಳಿ. ಮಕ್ಕಳನ್ನು ಯಾವ ಕೋಣೆಗೆ, ಎಷ್ಟು ಗಂಟೆಯವರೆಗೆ ಬಿಡಬಹುದು ಅನ್ನುವುದು ಒಂದೊಂದು ಪಬ್ಬಿನ ಲೈಸೆನ್ಸಿನಲ್ಲಿ ಒಂದೊಂದು ಥರ ಇರುತ್ತದೆ.

ಇನ್ನು "ಟೀ". ಪಕ್ಕದ ಮನೆಯ ಅಜ್ಜ ಅಜ್ಜಿ ಒಂದು ಸಂಜೆ ಐದೂವರೆಗೆ ಪಬ್‌ಗೆ ಟೀಗೆ ಬನ್ನಿ ಅಂದರು. ಟೀ, ಬಿಸ್ಕತ್ತು ಅಂದುಕೊಂಡು ನಾವು ಚಪಾತಿ ಪಲ್ಯ ತಿಂದೇ ಹೋದೆವು. ಇಲ್ಲಿ ತುಂಬಾ ಜನರ ಬಾಯಲ್ಲಿ ಟೀ ಅಂದರೆ ರಾತ್ರಿ ಊಟ. ಹೊಟ್ಟೆ ತುಂಬಿದ್ದರೂ ತಟ್ಟೆಯನ್ನು ಅರ್ಧವಾದರೂ ಖಾಲಿ ಮಾಡಿದೆವು. ಆ ಅಜ್ಜ ಅಜ್ಜಿ ಇಬ್ಬರೂ ನಮ್ಮ ತಟ್ಟೆಯನ್ನೇ ನೋಡುತ್ತಿದ್ದರು.

ಸಸ್ಯಾಹಾರಿಗಳು ಇಲ್ಲಿಂದ ಗಮನವಿಟ್ಟು ಓದಿ. ನಾನು ದಾವಣಗೆರೆಯವಳು. ನಮ್ಮ ತವರುಮನೆಯ ಹೊಸ್ತಿಲಿಗೆ ಮೊಟ್ಟೆ ಕೂಡ ಬಂದಿಲ್ಲ. ಯಜಮಾನರು ಹಾಸನದವರು, ಅವರು ಎಲ್ಲ ತಿನ್ನುತ್ತಾರೆ. ಹಗಿಸ್ ಮೊದಲ ತುತ್ತು ತಿಂದ ಕೂಡಲೇ "ಇದು ನಮ್ಮ ಬೋಟಿ ಕಣೇ" ಅಂದರು. ಕುರಿಯ ಹೃದಯ, ಲಿವರ್, ಶ್ವಾಸಕೋಶಗಳನ್ನು ಕೊಚ್ಚಿ, ಓಟ್ಸ್, ಈರುಳ್ಳಿ, ಕೊಬ್ಬು, ಕಾಳುಮೆಣಸು ಸೇರಿಸಿ ಬೇಯಿಸುತ್ತಾರೆ. ಜೊತೆಗೆ ಆಲೂಗಡ್ಡೆ ಮತ್ತು ನವಿಲುಕೋಸನ್ನು ನೆನಪಿಸುವ ಒಂದು ಹಳದಿ ಗಡ್ಡೆ, ಎರಡನ್ನೂ ಬೇಯಿಸಿ ಹಿಸುಕಿರುತ್ತಾರೆ. ಅದನ್ನು ನೀಪ್ಸ್ ಅಂಡ್ ಟ್ಯಾಟೀಸ್ ಅನ್ನುತ್ತಾರೆ. ನಮ್ಮಂಥವರಿಗೂ ಇದೆ: ಸಸ್ಯಾಹಾರಿ ಹಗಿಸ್. ಎಡಿನ್‌ಬರೋದ ಮ್ಯಾಕ್‌ಸ್ವೀನ್ ಅನ್ನುವವರು 1984ರಲ್ಲಿ ಶುರು ಮಾಡಿದರು, ಈಗ ಬಹಳ ಪಬ್‌ಗಳಲ್ಲಿ ಸಿಗುತ್ತದೆ. ಕಾಳು, ಓಟ್ಸ್, ಕ್ಯಾರೆಟ್, ಮೆಣಸಿನ ಖಾರ. ಚಳಿಯ ದಿನ ಇದಕ್ಕಿಂತ ಹಿತವಾದ ಪಬ್ ಊಟ ನನಗೆ ಗೊತ್ತಿಲ್ಲ. ಕರಾವಳಿಯವರು ಕಲನ್ ಸ್ಕಿಂಕ್ ಕೇಳಿ. ಹೊಗೆ ಹಾಕಿದ ಹ್ಯಾಡಕ್ ಮೀನು, ಹಾಲು, ಆಲೂಗಡ್ಡೆಯ ಸೂಪ್ ಅದು, ಇಲ್ಲಿನ ಉತ್ತರದ ಕಡಲ ತೀರದ ಕಲನ್ ಅನ್ನುವ ಊರಿನದು.

ಆದರೆ ನಾನು ಹೇಳಬೇಕಾದದ್ದು ಬೇಳೆ ಸೂಪಿನ ಬಗ್ಗೆ.

2011ರ ಬೇಸಿಗೆಯಲ್ಲಿ ಅವ್ವ ಬಂದಿದ್ದಳು. ಮೊದಲನೇ ಸಲ ವಿಮಾನ ಹತ್ತಿದ್ದಳು. ಕಡಲ ತೀರದ ಒಂದು ಹಳ್ಳಿಯ ಪಬ್‌ಗೆ ಕರೆದುಕೊಂಡು ಹೋದೆ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಇವತ್ತಿನ ಸೂಪ್ ಬರೆದಿದ್ದರು: ಲೆಂಟಿಲ್. ಬೇಳೆ ಅಲ್ವಾ, ಇದರಲ್ಲಿ ಕೇಳುವುದೇನಿದೆ ಅಂತ ನಾನೇ ಹೇಳಿ ತರಿಸಿದೆ. ಚನ್ನಂಗಿ ಬೇಳೆ, ಕ್ಯಾರೆಟ್, ಈರುಳ್ಳಿ. ಪಕ್ಕದಲ್ಲಿ ಬೆಣ್ಣೆ, ಬ್ರೆಡ್ಡು. ಈ ದೇಶಕ್ಕೆ ಬಂದು ಹತ್ತು ದಿನ ಅವ್ವ ಸರಿಯಾಗಿ ಹೊರಗೆ ಏನೂ ತಿಂದಿರಲಿಲ್ಲ. ಅವತ್ತು ಬಟ್ಟಲು ಖಾಲಿ ಮಾಡಿದಳು. "ನಮ್ಮ ಬೇಳೆ ಸಾರು ಇದ್ದಂಗೇ ಐತೆ ನೋಡವ್ವಾ" ಅಂದಳು. ಆಮೇಲೆ ಮೂರು ಸಲ ಅಲ್ಲಿಗೇ ಹೋದೆವು.

ಮರುವರ್ಷ ಚಳಿಗಾಲದಲ್ಲಿ ನನ್ನ ಜೊತೆ ಕೆಲಸ ಮಾಡುವ ಹೆಂಗಸು ತನ್ನ ಅಜ್ಜಿಯ ಬೇಳೆ ಸೂಪಿನ ವಿಧಾನ ಹೇಳುತ್ತಿದ್ದರು. ಮೊದಲು ಹಂದಿ ಕಾಲಿನ ಮೂಳೆಯನ್ನು ಗಂಟೆಗಟ್ಟಲೆ ಕುದಿಸಬೇಕು, ಆ ನೀರಿನಲ್ಲೇ ಬೇಳೆ ಬೇಯಬೇಕು, ಇಲ್ಲದಿದ್ದರೆ ಅದು ಬೇಳೆ ಸೂಪೇ ಅಲ್ಲ ಅಂದರು. ಸ್ಕಾಟ್ಲೆಂಡಿನಲ್ಲಿ ಅದೇ ಹಳೆಯ ಪದ್ಧತಿ. ನನ್ನ ಕೈಕಾಲು ತಣ್ಣಗಾಯಿತು. ಆ ಶನಿವಾರವೇ ಆ ಪಬ್‌ಗೆ ಹೋಗಿ ಕೇಳಿದೆ. "ಹೌದು, ಹ್ಯಾಮ್ ಸ್ಟಾಕ್, ನೀವು ಕೇಳಲಿಲ್ಲವಲ್ಲ" ಅಂದರು. ಸ್ಟಾಕ್ ಅಂದರೆ ಆ ಮೂಳೆ ಕುದಿಸಿದ ನೀರು. ಅವರ ಮಾತಿನಲ್ಲಿ ಏನೂ ತಪ್ಪಿರಲಿಲ್ಲ. ಹಲಗೆಯ ಮೇಲೆ ಸಸ್ಯಾಹಾರದ ವಿ ಅಕ್ಷರ ಇರಲಿಲ್ಲ. ನಾನು ನೋಡಿರಲಿಲ್ಲ.

ಹಾಗಾಗಿ ಕೇಳಿ. ಸಂಕೋಚ ಬೇಡ. ಯಾವ ಸೂಪಾದರೂ ಸ್ಟಾಕ್ ಯಾವುದು ಅಂತ ಕೇಳಿ. ಇಲ್ಲಿ ಚಿಪ್ಸ್ ಅಂದರೆ ಉದ್ದುದ್ದ ಹೆಚ್ಚಿ ಕರಿದ ಬಿಸಿ ಆಲೂಗಡ್ಡೆ, ಅದನ್ನು ಕರಿಯುವುದು ಯಾವುದರಲ್ಲಿ ಅಂತ ಕೇಳಿ, ಕೆಲವು ಕಡೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ಕೆಲವು ಕಡೆ ಮೀನು ಕರಿದ ಎಣ್ಣೆಯಲ್ಲೇ. ಚೀಸ್ ಟೋಸ್ಟಿ ಮೇಲೆ ವೂಸ್ಟರ್ ಸಾಸ್ ಹಾಕಿದರೆ ಅದರಲ್ಲಿ ಸಣ್ಣ ಮೀನು ಇರುತ್ತದೆ. ಅಬರ್ಡೀನಿನ ಬೆಳಗಿನ ತಿಂಡಿ ಬಟರಿ, ಹೆಸರು ಬೆಣ್ಣೆಯದು, ಹಳೆಯ ಪದ್ಧತಿಯಲ್ಲಿ ಹಾಕುವುದು ಹಂದಿಯ ಕೊಬ್ಬು. ಇನ್ನೊಂದು ವಿಷಯ. ಅಲರ್ಜಿಯ ಪಟ್ಟಿ ಕೇಳಿದರೆ ಎಲ್ಲ ಗೊತ್ತಾಗುತ್ತದೆ ಅಂದುಕೊಳ್ಳಬೇಡಿ. ಕಾನೂನು ಪ್ರಕಾರ ಅವರು 14 ಪದಾರ್ಥಗಳ ಬಗ್ಗೆ ಹೇಳಬೇಕು. ಅದರಲ್ಲಿ ಮೊಟ್ಟೆ, ಹಾಲು, ಮೀನು, ಎಳ್ಳು, ಸಾಸಿವೆ ಕೂಡ ಇವೆ. ಹಂದಿ, ದನ, ಕುರಿ, ಕೋಳಿ ಇಲ್ಲ. ಮಾಂಸದ ಬಗ್ಗೆ ಬಾಯಿ ಬಿಟ್ಟೇ ಕೇಳಬೇಕು. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಒಳಗೆ ಹೋಗಿ ಅಡುಗೆಯವರನ್ನೇ ಕರೆದುಕೊಂಡು ಬಂದದ್ದೂ ಇದೆ. ಈಗೀಗ ಎಷ್ಟೋ ಕಡೆ ತರಕಾರಿ ನೀರಿನಲ್ಲೇ ಸೂಪ್ ಮಾಡುತ್ತಾರೆ.

"ಬೇಡ" ಅನ್ನುವ ಮಾತೂ ಇಲ್ಲಿ ಬೇರೆ. ನಮ್ಮಲ್ಲಿ ಬೇಡ ಅಂದರೆ ಇನ್ನೆರಡು ಸಲ ಕೇಳುತ್ತಾರೆ, ಮೂರನೇ ಸಲಕ್ಕೆ ತಟ್ಟೆಗೆ ಬೀಳುತ್ತದೆ. ಇಲ್ಲಿ ಒಂದು ಸಲ ಬೇಡ ಅಂದರೆ ಬೇಡವೇ. ಬೇಕಾದರೆ ಮೊದಲ ಸಲವೇ ಹೂಂ ಅನ್ನಿ. ಗೆಳೆಯರ ಗುಂಪಿನಲ್ಲಿ ಒಬ್ಬೊಬ್ಬರು ಸರದಿಯಂತೆ ಎಲ್ಲರಿಗೂ ಕುಡಿಯೋದು ತರುತ್ತಾರೆ, ಅದು ರೌಂಡ್. ಯಜಮಾನರು ಮೊದಲ ಸಲ ಮೂವರ ಕೈಯಿಂದ ತರಿಸಿಕೊಂಡು, ಕೊನೆಯ ಬಸ್ಸು ಅಂತ ಎದ್ದು ಬಂದರು. ಯಾರೂ ಏನೂ ಅನ್ನಲಿಲ್ಲ. ಮುಂದಿನ ಶುಕ್ರವಾರ ಕರೆಯಲೂ ಇಲ್ಲ. ಬೇಗ ಹೊರಡುವವರು ಮೊದಲ ರೌಂಡ್ ನೀವೇ ತನ್ನಿ. ಕುಡಿಯದವರೂ ತರಬೇಕು. ನಾನು ಹತ್ತೊಂಬತ್ತು ವರ್ಷದಿಂದ ಕುಡಿಯುವುದು ಫ್ರೆಶ್ ಆರೆಂಜ್ ಅಂಡ್ ಲೆಮನೇಡ್. ಇಲ್ಲಿನ ಲೆಮನೇಡ್ ನಮ್ಮ ನಿಂಬೆ ಶರಬತ್ತಲ್ಲ, ಸಿಹಿ ಸೋಡಾ. ಅದನ್ನು ಕುಡಿದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಕಾರು ಓಡಿಸುವವರು ಒಂದು ಪೈಂಟ್ ಬಿಯರ್ ಪರವಾಗಿಲ್ಲ ಅನ್ನುವ ಲೆಕ್ಕ ಹಾಕಲೇಬೇಡಿ. 2014ರ ಡಿಸೆಂಬರ್ 5ರಿಂದ ಸ್ಕಾಟ್ಲೆಂಡಿನಲ್ಲಿ ಮದ್ಯದ ಮಿತಿ 100 ಮಿಲಿ ರಕ್ತಕ್ಕೆ 80 ಮಿಲಿಗ್ರಾಮಿನಿಂದ 50ಕ್ಕೆ ಇಳಿದಿದೆ. ಇಂಗ್ಲೆಂಡಿನಲ್ಲಿರುವ ಗೆಳೆಯರ ಮಾತು ಇಲ್ಲಿ ನಡೆಯುವುದಿಲ್ಲ.

ಪಬ್ ಅಂದರೆ ನಮ್ಮ ಊರಿನ ಬಾರ್ ಅಂತ ನಾನು ಬಹಳ ದಿನ ದೂರ ಇದ್ದೆ. ಹೆಣ್ಣುಮಕ್ಕಳು ಹೋಗುವ ಜಾಗ ಅಲ್ಲ ಅಂತ ತಲೆಯಲ್ಲಿತ್ತು. ಆದರೆ ಸಣ್ಣ ಊರುಗಳಲ್ಲಿ ಅದು ಅರಳಿಕಟ್ಟೆ ಇದ್ದ ಹಾಗೆ. ಪಶ್ಚಿಮ ಕರಾವಳಿಯ ನಾಯ್ಡಾರ್ಟ್‌ನ ಇನ್ವೆರಿ ಅನ್ನುವ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ಮ್ಯಾಲೆಗ್‌ನಿಂದ ದೋಣಿಯಲ್ಲಿ ಹೋಗಬೇಕು, ಇಲ್ಲವಾದರೆ ಬೆಟ್ಟ ಹತ್ತಿ ನಡೆಯಬೇಕು. ಅಲ್ಲಿನ ಓಲ್ಡ್ ಫೋರ್ಜ್ ಪಬ್ಬನ್ನು 2022ರಲ್ಲಿ ಊರಿನವರೇ ದುಡ್ಡು ಕೂಡಿಸಿ ಕೊಂಡುಕೊಂಡರು. ಪಬ್ ಹೋದರೆ ಊರು ಒಂದು ಕಡೆ ಸೇರುವುದೆಲ್ಲಿ ಅಂತ. ನಮ್ಮ ಬೀದಿಯಲ್ಲಿ ಯಾರು ತೀರಿಕೊಂಡರು, ಯಾರ ಮಗಳಿಗೆ ಮಗುವಾಯಿತು, ಇವೆಲ್ಲ ನನಗೆ ಗೊತ್ತಾಗಲು ಶುರುವಾದದ್ದು ಪಬ್ಬಿನಲ್ಲಿ ಕೂತ ಮೇಲೆ.

ಮಾತು ಅರ್ಥವಾಗುವುದಕ್ಕೆ ಸಮಯ ಹಿಡಿಯುತ್ತದೆ. ಈ ಕಡೆಯವರ ಮಾತು ಡೋರಿಕ್. ವಾಟ್ ಅನ್ನುವುದು ಫಿಟ್, ವೇರ್ ಅನ್ನುವುದು ಫಾರ್. ನಮ್ಮಲ್ಲಿ ಹಳಗನ್ನಡದ ಪಾಲ್ ಹಾಲು ಆಯಿತಲ್ಲ, ಆ ಥರದ ಒಂದು ಬದಲಾವಣೆ. ಕೌಂಟರಿನ ಅಜ್ಜ ಒಮ್ಮೆ ನನ್ನನ್ನು "ಫಾರ್ ಯೇ ಫೇ?" ಅಂದರು, ಎಲ್ಲಿಯವರು ಅಂತ. ನನಗೆ ದೂರ ಅನ್ನುವ ಇಂಗ್ಲಿಷ್ ಮಾತೊಂದೇ ಕೇಳಿಸಿತು. "ಹೌದು, ತುಂಬಾ ದೂರ" ಅಂದೆ. ಅವರು "ಆಯ್", ಅಂದರೆ ಹೌದು, ಅಂತ ತಲೆ ಅಲ್ಲಾಡಿಸಿ, ಗ್ಲಾಸು ನನ್ನ ಕಡೆ ಸರಿಸಿದರು.

ನಮ್ಮ ಮಗಳು ಇಲ್ಲೇ ಹುಟ್ಟಿದವಳು. ಅವಳು ಡೋರಿಕ್ ಮಾತಾಡುತ್ತಾಳೆ. ಶಾಲೆಯಲ್ಲಿ ಯಾರೂ ಅವಳನ್ನು ತಿದ್ದಲಿಲ್ಲ, ಪಬ್ಬಿನ ಅಜ್ಜಂದಿರಂತೂ ಅವಳ ಮಾತಿಗೇ ಸೋಲುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಒಂದು ಸಂಕಟ. ಬೆಂಗಳೂರಿಗೆ ಕಾಲೇಜಿಗೆ ಬಂದಾಗ ನನ್ನ "ಐತೆ", "ಇದ್ದಂಗೆ" ಕೇಳಿ ಹಾಸ್ಟೆಲ್ಲಿನಲ್ಲಿ ನಕ್ಕರು. ಆರು ತಿಂಗಳಲ್ಲಿ ನಾನು ಅದನ್ನು ಬಿಟ್ಟೆ. ಮಗಳಿಗೆ ಕೊಟ್ಟದ್ದು ಪುಸ್ತಕದ ಕನ್ನಡ. ಈಗ ಅವ್ವ ಫೋನಿನಲ್ಲಿ ಮಾತಾಡಿದರೆ ಮೊಮ್ಮಗಳು ಅರ್ಧ ಮಾತಿಗೆ ನನ್ನ ಮುಖ ನೋಡುತ್ತಾಳೆ. ಮಕ್ಕಳಿಗೆ ಕನ್ನಡ ಕಲಿಸುವವರು ನಿಮ್ಮ ಮನೆಯ ಕನ್ನಡವನ್ನೇ ಕಲಿಸಿ. ಇದನ್ನು ಊಟದ ವಿಷಯದ ನಡುವೆ ಹೇಳುತ್ತಿದ್ದೇನೆ ಅಂತ ಗೊತ್ತು.

ಮಗಳಿಗೆ ಹದಿನೆಂಟಾದ ವಾರ ಅವಳೇ ನಮ್ಮಿಬ್ಬರನ್ನು ಪಬ್‌ಗೆ ಕರೆದುಕೊಂಡು ಹೋದಳು. ನಾವು ಕೂತೆವು, ಅವಳು ಮೇಜಿನ ನಂಬರ್ ನೋಡಿಕೊಂಡು ಕೌಂಟರಿಗೆ ಹೋದಳು. ಅಲ್ಲಿಂದಲೇ ತಿರುಗಿ, "ಅಮ್ಮಾ, ಸೂಪ್ ವೆಜ್ಜೇ, ನಾನು ಕೇಳಿದೆ" ಅಂತ ಕನ್ನಡದಲ್ಲಿ ಕೂಗಿದಳು.

ಅವ್ವನಿಗೆ ನಾನು ಇನ್ನೂ ಹೇಳಿಲ್ಲ. ದಾವಣಗೆರೆಯಲ್ಲಿ ಅವಳು ಚನ್ನಂಗಿ ಬೇಳೆ, ಕ್ಯಾರೆಟ್ ಹಾಕಿ ಮಾಡುತ್ತಾಳೆ. ಸ್ಕಾಟ್ಲೆಂಡ್ ಸಾರು ಅಂತ ಹೆಸರಿಟ್ಟಿದ್ದಾಳೆ, ಬಂದವರಿಗೆಲ್ಲ ಬಡಿಸುತ್ತಾಳೆ. "ಎಷ್ಟು ಮಾಡಿದ್ರೂ ಆ ರುಚಿ ಬರ್ತಿಲ್ಲವ್ವಾ, ಅವರು ಏನ್ ಹಾಕ್ತಾರೆ ಕೇಳು" ಅಂತ ಪ್ರತಿ ಸಲ ಫೋನಿನಲ್ಲಿ ಹೇಳುತ್ತಾಳೆ. ಮೇ ತಿಂಗಳಲ್ಲಿ ಮತ್ತೆ ಬರುತ್ತಿದ್ದಾಳೆ. ಟಿಕೆಟ್ ಆಗಿದೆ. ಆ ಹಳ್ಳಿಯ ಪಬ್‌ಗೆ ಮೊದಲು ಹೋಗೋಣ ಅಂದಿದ್ದಾಳೆ. ಕಾರು ಹತ್ತುವ ಮೊದಲು, ಮನೆಯಲ್ಲೇ ಕೂರಿಸಿಕೊಂಡು ಹೇಳುತ್ತೇನೆ.