ಕಿಲ್ಲಿಫಿಶ್ ಯಕೃತ್ತಿನಲ್ಲಿ ವಯಸ್ಸು ಮತ್ತು ಲಿಂಗ: ನನ್ನ ಅನುಭವ

ಆರು ವಾರ ತುಂಬುವಷ್ಟರಲ್ಲಿ ಗಂಡು ಟರ್ಕೋಯಿಸ್ ಕಿಲ್ಲಿಫಿಶ್‌ನ ಮೈಗೆ ನೀಲಿ ಹೊಳಪು ಬಂದು ಬಾಲಕ್ಕೆ ಬಣ್ಣ ಏರಿರುತ್ತದೆ. ಹೆಣ್ಣು ಮಾತ್ರ ಗಾತ್ರದಲ್ಲಿ ಚಿಕ್ಕದಾಗಿ, ಮಾಸಲು ಬಣ್ಣದಲ್ಲೇ ಉಳಿಯುತ್ತದೆ. ಮೊಝಾಂಬಿಕ್ ಮತ್ತು ಜಿಂಬಾಬ್ವೆಯಲ್ಲಿ ಮಳೆಗಾಲಕ್ಕಷ್ಟೇ ತುಂಬುವ ಹೊಂಡಗಳು ಬತ್ತುವ ಮೊದಲೇ ಬೆಳೆದು ಮೊಟ್ಟೆಯಿಡಬೇಕಾದ ಈ ಮೀನಿನ, ಪ್ರಯೋಗಾಲಯಗಳಲ್ಲಿ ಸಾಕುವ ಜಿಆರ್‌ಝಡ್ ಎಂಬ ತಳಿ ನಾಲ್ಕರಿಂದ ಆರು ತಿಂಗಳು ಬದುಕುತ್ತದೆ. 2015ರಲ್ಲಿ ಇದರ ಜೀನೋಮ್, ಅಂದರೆ ಪೂರ್ಣ ಆನುವಂಶಿಕ ಮಾಹಿತಿ, ಪ್ರಕಟವಾಗಿದ್ದರಿಂದ, ಯಾವ ಜೀನ್ ಎಷ್ಟು ಸಕ್ರಿಯವಾಗಿದೆ ಎಂದು ಆರ್‌ಎನ್‌ಎ ಎಣಿಸಿ ತಿಳಿಯುವುದು ನಮಗೆ ಸುಲಭವಾಯಿತು.

ಜರ್ಮನಿಯ ಪ್ರಯೋಗಾಲಯವೊಂದರಲ್ಲಿ ಆರು ಮತ್ತು ಹದಿನಾರು ವಾರದ ಮೀನುಗಳ ಯಕೃತ್ತನ್ನು ಹೋಲಿಸುವ ಕೆಲಸ ನನ್ನದಾಗಿತ್ತು. ಮೊದಲ ಸುತ್ತಿನಲ್ಲಿ ನಾನೇ ದೊಡ್ಡ ತಪ್ಪು ಮಾಡಿದೆ. ಗಂಡುಗಳನ್ನೆಲ್ಲ ಬೆಳಿಗ್ಗೆ, ಹೆಣ್ಣುಗಳನ್ನೆಲ್ಲ ಮಧ್ಯಾಹ್ನ ಕೊಯ್ದೆ. ಯಕೃತ್ತಿನ ಅನೇಕ ಜೀನ್‌ಗಳು ಹೊತ್ತಿಗೆ ತಕ್ಕಂತೆ ಏರಿಳಿಯುವುದರಿಂದ, ಕಂಡ ವ್ಯತ್ಯಾಸ ಲಿಂಗದ್ದೋ ಗಡಿಯಾರದ್ದೋ ಎಂದು ಹೇಳಲು ಯಾವ ಲೆಕ್ಕಾಚಾರವೂ ನೆರವಾಗಲಿಲ್ಲ. ಆ ಮಾದರಿಗಳನ್ನು ಕೈಬಿಡುವುದು ನೋವಿನ ಸಂಗತಿಯಾಗಿತ್ತು, ಏಕೆಂದರೆ ಮುದಿ ಮೀನು ಬೇಕೆಂದರೆ ಮತ್ತೆ ಹದಿನಾರು ವಾರ ಕಾಯಲೇಬೇಕು.

ಎರಡನೆಯ ಸುತ್ತಿನಲ್ಲಿ ಪ್ರತಿ ಮೀನನ್ನೂ ಒಂಟಿಯಾಗಿ ಸಾಕಿ, ಹಿಂದಿನ ಸಂಜೆಯಿಂದ ಆಹಾರ ಕೊಡದೆ, ನಾಲ್ಕೂ ಗುಂಪುಗಳಿಂದ (ಎಳೆಯ ಮತ್ತು ಮುದಿ, ಗಂಡು ಮತ್ತು ಹೆಣ್ಣು) ಒಂದೊಂದರಂತೆ ಆರಿಸಿ ಒಂದೇ ಹೊತ್ತಿನಲ್ಲಿ ಕೊಯ್ದು, ಯಕೃತ್ತನ್ನು ತಕ್ಷಣ ದ್ರವ ಸಾರಜನಕಕ್ಕೆ ಹಾಕಿದೆ. ಮುದಿ ಮೀನುಗಳಲ್ಲಿ ಯಕೃತ್ತಿನ ಗಡ್ಡೆ ಸಾಮಾನ್ಯ; ಬೆಳ್ಳಗಿನ ಗಂಟು ಕಂಡರೆ ಆ ತುಂಡನ್ನು ಬೇರೆ ಟ್ಯೂಬಿಗೆ ಹಾಕಿ ಗುರುತು ಬರೆದೆ, ಇಲ್ಲವಾದರೆ ಗಡ್ಡೆಯ ಆರ್‌ಎನ್‌ಎಯನ್ನೇ ಮುಪ್ಪಿನ ಲಕ್ಷಣವೆಂದು ಓದಿಬಿಡುತ್ತಿದ್ದೆ.

ಆರ್‌ಎನ್‌ಎ ಎಣಿಕೆ ಬಂದಾಗ ಮಾದರಿಗಳು ಮೊದಲು ಬೇರ್ಪಟ್ಟಿದ್ದು ಲಿಂಗದ ಮೇಲೆ, ವಯಸ್ಸಿನ ಮೇಲಲ್ಲ. ಮೊಟ್ಟೆಯ ಹಳದಿಗೆ ಮೂಲವಾದ ವಿಟೆಲೊಜೆನಿನ್ ಎಂಬ ಪ್ರೋಟೀನ್ ತಯಾರಾಗುವುದು ಹೆಣ್ಣಿನ ಯಕೃತ್ತಿನಲ್ಲಿಯೇ, ಆದ್ದರಿಂದ ಆ ಜೀನ್‌ಗಳೇ ಎಲ್ಲಕ್ಕಿಂತ ಎತ್ತರದಲ್ಲಿದ್ದವು. ಇಲ್ಲೊಂದು ಬಲೆಯಿದೆ: ಹೆಣ್ಣಿಗೆ ವಯಸ್ಸಾದಂತೆ ಮೊಟ್ಟೆಯಿಡುವುದು ತಗ್ಗುತ್ತದೆ, ಅದರೊಂದಿಗೆ ಈ ಜೀನ್‌ಗಳೂ ತಗ್ಗಬಹುದು, ಮತ್ತು ಎರಡೂ ಲಿಂಗಗಳನ್ನು ಬೆರೆಸಿದವರು ಅದನ್ನು ಎಲ್ಲ ಮೀನುಗಳ ಮುಪ್ಪೆಂದು ಭಾವಿಸುತ್ತಾರೆ. ಹಾಗಾಗಿ ಲೆಕ್ಕಾಚಾರದಲ್ಲಿ ವಯಸ್ಸು, ಲಿಂಗ ಎರಡನ್ನೂ ಪ್ರತ್ಯೇಕ ಅಂಶಗಳಾಗಿ ಇಟ್ಟು, ವಯಸ್ಸಿನ ಪರಿಣಾಮ ಗಂಡು ಹೆಣ್ಣುಗಳಲ್ಲಿ ಬೇರೆಯಾಗುತ್ತದೆಯೇ ಎಂಬುದನ್ನು ಮೂರನೆಯ ಅಂಶವಾಗಿ ಸೇರಿಸಿದೆ. ಉರಿಯೂತಕ್ಕೆ ಸಂಬಂಧಿಸಿದ ಜೀನ್‌ಗಳು ಎರಡರಲ್ಲೂ ವಯಸ್ಸಿನೊಂದಿಗೆ ಏರಿದ್ದವು. ಅವುಗಳನ್ನು ಮಾತ್ರ ನಾನು ಮುಪ್ಪಿನ ಪಟ್ಟಿಗೆ ಸೇರಿಸಿ, ಹೆಣ್ಣಿನಲ್ಲಷ್ಟೇ ಬದಲಾದವನ್ನು ಬೇರೆ ಕಡತದಲ್ಲಿ ಇಟ್ಟೆ.