ಹಳೆಯ ಗಡಿಯಾರದ ಧೂಳನ್ನು ಊದುವ ಮುನ್ನ

ಹಳೆಯ ಗಡಿಯಾರ ಕೈಗೆ ಸಿಕ್ಕ ಕೂಡಲೇ ಬಾಯಿಂದ ಉಫ್ ಎಂದು ಧೂಳು ಊದುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಹುಪಾಲು ವಿಷ ವಸ್ತುವಿನಲ್ಲಿ ಸುಮ್ಮನೆ ಬಿದ್ದಿರುತ್ತದೆ. ಅದನ್ನು ಗಾಳಿಗೆ ಎಬ್ಬಿಸುವವರು ನಾವೇ.

ಮೊದಲು ನೋಡಬೇಕಾದದ್ದು ಡಯಲ್. ಅಂಕಿಗಳ ಮೇಲೆ, ಮುಳ್ಳುಗಳ ನಡುವಿನ ಸೀಳಿನಲ್ಲಿ ಕಂದು ಬಣ್ಣಕ್ಕೆ ತಿರುಗಿದ ಒರಟು ಲೇಪ ಇದೆಯೇ? ಗಾಜಿನ ಒಳಗೆ, ಆರರ ಅಂಕಿಯ ಕೆಳಗೆ ಅದರ ಹುಡಿ ಉದುರಿದೆಯೇ? 1970ರ ದಶಕಕ್ಕಿಂತ ಹಳೆಯದಾದರೆ ಅದನ್ನು ರೇಡಿಯಂ (ಕತ್ತಲಲ್ಲಿ ಹೊಳೆಯಲೆಂದು ಲೇಪದಲ್ಲಿ ಬೆರೆಸುತ್ತಿದ್ದ ವಿಕಿರಣಶೀಲ ಲೋಹ) ಎಂದೇ ಎಣಿಸಿ. ಕತ್ತಲಲ್ಲಿ ಹೊಳೆಯುವುದಿಲ್ಲ ಎಂಬ ಸಮಾಧಾನ ಬೇಡ. ಕೆಟ್ಟಿರುವುದು ಬೆಳಕು ಕೊಡುವ ಸತುವಿನ ಸಲ್ಫೈಡ್ ಮಾತ್ರ. ರೇಡಿಯಂ ಅರ್ಧದಷ್ಟು ಕ್ಷಯಿಸಲು ಸುಮಾರು 1600 ವರ್ಷ ಬೇಕು. ವಿಕಿರಣ ಪತ್ತೆಮಾಡುವ ಗೈಗರ್ ಕೌಂಟರ್ ಹಿಡಿದರೆ ಗಾಜಿನ ಹೊರಗಿನಿಂದಲೇ ಟಿಕ್‌ಟಿಕ್ ಶುರುವಾಗುತ್ತದೆ. ಅಂಥದ್ದನ್ನು ನಾನು ಬಿಚ್ಚುವುದೇ ಇಲ್ಲ. ಲೇಪವನ್ನು ಕೆರೆದು ಹೊಸದಾಗಿ ಬಳಿಯುವ ಆಸೆಯಂತೂ ಬೇಡವೇ ಬೇಡ: ಆ ಹುಡಿ ಉಸಿರಿನೊಂದಿಗೆ ಒಳಗೆ ಹೋದರೆ ಮೂಳೆಯಲ್ಲಿ ಬೀಡುಬಿಡುತ್ತದೆ.

ಲೋಲಕದಲ್ಲಿ ಬೆಳ್ಳಿಯಂತೆ ತೊನೆಯುವ ಗಾಜಿನ ಕೊಳವೆಗಳಿದ್ದರೆ ಅದು ಪಾದರಸ. ಗಡಿಯಾರವನ್ನು ಸಾಗಿಸುವ ಮೊದಲು ಲೋಲಕವನ್ನು ಕಳಚಿ, ನೆಟ್ಟಗೆ ನಿಲ್ಲಿಸಿಯೇ ಒಯ್ಯಿರಿ. ಚೆಲ್ಲಿದರೆ ಕಿಟಕಿ ತೆರೆಯಿರಿ, ಉಂಗುರ ತೆಗೆದಿಡಿ (ಚಿನ್ನಕ್ಕೆ ಅಂಟಿಕೊಂಡರೆ ಬಿಡದು), ಹನಿಗಳನ್ನು ಗಟ್ಟಿ ಕಾಗದದಿಂದ ಒಟ್ಟುಗೂಡಿಸಿ ಡ್ರಾಪರ್‌ನಿಂದ ಹೀರಿ, ಬಿಗಿ ಮುಚ್ಚಳದ ಸೀಸೆಗೆ ಹಾಕಿ. ಪೊರಕೆಯೂ ಬೇಡ, ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ. ಎರಡನೆಯದು ಪಾದರಸದ ಆವಿಯನ್ನು ಕೋಣೆ ತುಂಬ ಹರಡುತ್ತದೆ.

ಹಳೆಯ ಬಣ್ಣವಿದ್ದರೆ ಸೀಸ ಇದೆಯೆಂದೇ ತಿಳಿದು ಒದ್ದೆ ಮಾಡಿ ಉಜ್ಜಿ. ಬಿಸಿಗಾಳಿ, ಒಣ ಮರಳುಕಾಗದ ಎರಡೂ ನಿಷಿದ್ಧ. ಗಡಿಯಾರವಷ್ಟೇ ಅಲ್ಲ, ಹಳೆಯ ಪ್ರೊಜೆಕ್ಟರಿನ ದೀಪದ ಗೂಡಿನಲ್ಲಿ, ಹೀಟರುಗಳಲ್ಲಿ ಬೂದು ಬಿಳುಪಿನ ನಾರಿನ ಹಲಗೆ ಕಂಡರೆ ಅದು ಕಲ್ನಾರು (ಆಸ್‌ಬೆಸ್ಟಾಸ್) ಆಗಿರಬಹುದು. ಮುರಿಯದೆ ಮುಚ್ಚಿಟ್ಟು ಪರೀಕ್ಷೆ ಮಾಡಿಸಿ. ಕ್ಯಾಡ್ಮಿಯಂ ಎಂಬ ಲೋಹದ ಲೇಪವಿರುವ ತಿರುಪುಗಳಿಗೆ ತಂತಿ ಬ್ರಷ್ ಹಾಕಬೇಡಿ, ಅದರ ಹುಡಿಯೂ ವಿಷ.

ಬಟ್ಟೆಯ ಮಾಸ್ಕ್ ಇದಕ್ಕೆಲ್ಲ ಆಗದು; ಮುಖಕ್ಕೆ ಬಿಗಿಯಾಗಿ ಕೂರುವ, ಸೂಕ್ಷ್ಮ ಕಣ ತಡೆಯುವ ಫಿಲ್ಟರಿನದೇ ಬೇಕು, ಅದೂ ಪಾದರಸದ ಆವಿಯನ್ನು ತಡೆಯದು. ಊಟದ ಮೇಜಿನ ಮೇಲೆ ಈ ಕೆಲಸ ಬೇಡ. ರೇಡಿಯಂ ಡಯಲಿನ ಗಡಿಯಾರವನ್ನು ಬಿಚ್ಚದೆ ಚೀಲದಲ್ಲಿ ಮುಚ್ಚಿ, ಚೀಟಿ ಅಂಟಿಸಿ, ಮಲಗುವ ಕೋಣೆಯಿಂದ ದೂರ, ಗಾಳಿಯಾಡುವ ಜಾಗದಲ್ಲಿಡಿ, ಏಕೆಂದರೆ ಅದರಿಂದ ರೇಡಾನ್ ಎಂಬ ವಿಕಿರಣಶೀಲ ಅನಿಲ ಹೊರಡುತ್ತಲೇ ಇರುತ್ತದೆ. ಅದನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ವಿಲೇವಾರಿಗೆ ವಿಕಿರಣ ಸುರಕ್ಷತೆಯ ಅಧಿಕಾರಿಗಳನ್ನೇ ಕೇಳಬೇಕು.