ಅಂಗನವಾಡಿಯಲ್ಲಿ ಕಿವಿ ಪರೀಕ್ಷೆ ಮಾಡುವಾಗ

ಉಡುಪಿ ಸುತ್ತಿನ ಅಂಗನವಾಡಿಗಳಲ್ಲಿ ಮೂರರಿಂದ ಆರು ವರ್ಷದ ಮಕ್ಕಳ ಶ್ರವಣ ತಪಾಸಣೆ ಮಾಡುವ ಆಡಿಯಾಲಜಿಸ್ಟ್ ನಾನು. ಯಂತ್ರ ಹಿಡಿದು ಕೂತರೆ ಒಂದು ಮಗುವಿಗೆ ಕೆಲವೇ ನಿಮಿಷ ಸಾಕು. ಸದ್ದಿಲ್ಲದ ಜಾಗ ಸಿಗುವುದೇ ಕಷ್ಟ. ಮಳೆಗಾಲದಲ್ಲಿ ತಗಡಿನ ಮಾಡಿನಡಿ ಪರೀಕ್ಷೆ ಮಾಡುವುದೂ ಒಂದೇ, ಬಿಡುವುದೂ ಒಂದೇ. ಮಳೆ ಬಿಟ್ಟರೆ ಕುಕ್ಕರ್ ಸೀಟಿ, ಅದು ನಿಂತರೆ ಮೀನಿನವರ ಹಾರ್ನ್. ಅದಕ್ಕೇ ಟೀಚರಿಗೆ ಮುಂಚೆಯೇ ಫೋನ್ ಮಾಡಿ, ಅಡುಗೆ ಶುರುವಾಗುವ ಮೊದಲಿನ ಹೊತ್ತು ಮತ್ತು ಅಕ್ಕಿ ಮೂಟೆ ಇಟ್ಟ ಕೋಣೆ ಕೇಳಿಟ್ಟುಕೊಳ್ಳುತ್ತೇನೆ. ಮೂಟೆಗಳಿದ್ದರೆ ಸದ್ದು ಗೋಡೆಗೆ ಬಡಿದು ಮರಳುವುದು ಕಡಿಮೆ.

ಮಕ್ಕಳನ್ನು ಕರೆಯುವ ಮೊದಲು ಹೆಡ್‌ಫೋನ್ ನನ್ನ ಕಿವಿಗೇ ಹಾಕಿ ನೋಡುತ್ತೇನೆ. ಅತಿ ಮೆಲ್ಲಗಿನ ಸ್ವರ ನನಗೇ ಕೇಳದಿದ್ದರೆ ಆ ಕೋಣೆಯಲ್ಲಿ ಮಗುವಿನ ಫಲಿತಾಂಶ ನಂಬುವಂತಿಲ್ಲ.

ಇನ್ನು ಆಟ. "ಕೇಳಿದರೆ ಕೈ ಎತ್ತು" ಎಂದರೆ ಮೂರು ವರ್ಷದ ಮಗು ಸುಮ್ಮನೆ ಮುಖ ನೋಡುತ್ತದೆ. ಒಂದು ಡಬ್ಬಿ, ಒಂದು ಹಿಡಿ ದೊಡ್ಡ ಮಣಿ ತರುತ್ತೇನೆ. ಮಗು ಮಣಿಯನ್ನು ಕೆನ್ನೆಯ ಹತ್ತಿರ ಹಿಡಿದುಕೊಂಡಿರಬೇಕು, 'ಪೀಂ' ಎಂದ ಕೂಡಲೇ ಡಬ್ಬಿಗೆ ಹಾಕಬೇಕು. ಮೊದಲು ಜೋರಾದ ಸ್ವರಕ್ಕೆ ನಾನೇ ಕೈ ಹಿಡಿದು ಹಾಕಿಸುತ್ತೇನೆ. ಎರಡು ಸಲ ತಾನಾಗಿ ಹಾಕಿತೋ, ಸದ್ದನ್ನು 20 ಡೆಸಿಬೆಲ್‌ಗೆ ಇಳಿಸಿ 1000, 2000, 4000 ಹರ್ಟ್ಸ್ (ಅಂಕಿ ಏರಿದಷ್ಟೂ ಸ್ವರ ತೆಳು), ಎರಡೂ ಕಿವಿಗೆ. 500 ಹರ್ಟ್ಸ್ ಇಲ್ಲಿ ಕೈಬಿಡುತ್ತೇನೆ, ಫ್ಯಾನಿನ ಗುಂಯ್ ಅದನ್ನು ನುಂಗಿಬಿಡುತ್ತದೆ. ಜಾಣ ಮಕ್ಕಳು ನನ್ನ ಬೆರಳು ನೋಡಿಯೇ ಮಣಿ ಹಾಕುತ್ತಾರೆ! ಹಾಗಾಗಿ ಯಂತ್ರ ಅವರ ಬೆನ್ನ ಹಿಂದೆ. ಸ್ವರದ ನಡುವಿನ ಬಿಡುವನ್ನೂ ಬದಲಿಸುತ್ತಿರಬೇಕು, ಇಲ್ಲದಿದ್ದರೆ ತಾಳ ಹಿಡಿದು ಹಾಕತೊಡಗುತ್ತಾರೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುವ ಮಗುವಿಗೆ ಸಹಾಯಕಿ ಅಕ್ಕ ಅದೇ ಮಾತಲ್ಲಿ ಹೇಳಿದರೆ ಕೆಲಸ ಅರ್ಧ ಆದಂತೆ. ಆಟಕ್ಕೆ ಒಗ್ಗದವರಿಗೆ ಒಎಇ ಇದೆ, ಸದ್ದಿಗೆ ಒಳಕಿವಿಯೇ ಮರಳಿಸುವ ಮೆಲ್ಲಗಿನ ಸದ್ದನ್ನು ಅಳೆಯುವ ಪರೀಕ್ಷೆ. ಕಿವಿಯಲ್ಲಿ ಸಣ್ಣ ಪ್ರೋಬ್ ಇಟ್ಟರೆ ಮಗು ಉತ್ತರಿಸಬೇಕಾಗಿಯೇ ಇಲ್ಲ, ಅಳದೆ ಕೂತರಾಯಿತು.

ಒಂದು ಸ್ವರ ತಪ್ಪಿದ ಮಾತ್ರಕ್ಕೆ ಮಗು ಕಿವುಡಲ್ಲ. ಶೀತದ ಕಾಲದಲ್ಲಿ ತಪ್ಪುವವರಲ್ಲಿ ನಾನು ಮೊದಲು ಹುಡುಕುವುದು ಗುಗ್ಗೆ ಮತ್ತು ಕಿವಿಪೊರೆಯ ಹಿಂದೆ ನಿಂತ ನೀರು. ಕಿವಿಪೊರೆ ಎಷ್ಟು ಅಲುಗುತ್ತದೆ ಎಂದು ತೋರಿಸುವ ಟಿಂಪನೋಮೀಟರಿನಲ್ಲಿ ಗೆರೆ ಚಪ್ಪಟೆ ಬಂದರೆ, ಗುಗ್ಗೆ ತುಂಬಿಲ್ಲದಿದ್ದರೆ, ನೀರಿನ ಸಂಶಯ. ಹೆಚ್ಚಿನವರಲ್ಲಿ ಅದು ಮೂರು ತಿಂಗಳೊಳಗೆ ತಾನೇ ಇಂಗುತ್ತದೆ. ಅಲ್ಲಿಯವರೆಗೆ ಬೆಚ್ಚಗಿನ ತೆಂಗಿನೆಣ್ಣೆ ಬಿಡಬೇಡಿ ಎಂದು ಅಜ್ಜಿಯಂದಿರನ್ನು ಒಪ್ಪಿಸುವುದು ತಪಾಸಣೆಗಿಂತ ಕಷ್ಟ.

"ಬಾಗಿಲು ಬಡಿದ್ರೆ ತಿರುಗಿ ನೋಡ್ತಾನೆ ಮೇಡಂ, ಕಿವಿಗೆ ಎಂತ ಆಗಿದೆ?" ಎಂದರು ಒಬ್ಬ ತಾಯಿ. ಬಾಗಿಲಿನ ಸದ್ದು ದಪ್ಪ, ಜೋರು. ಅವನಿಗೆ ತಪ್ಪಿದ್ದು 4000. ಸ, ಶ ದಂಥ ತೆಳು ಸದ್ದುಗಳು ಇರುವುದು ಅಂಥ ಮೇಲಿನ ಸ್ವರಗಳಲ್ಲೇ. ಮಗನಿಗೆ ಹೆಡ್‌ಫೋನ್ ಹಾಕಿ ಅವರನ್ನು ಎದುರು ಕೂರಿಸಿದೆ. 1000ಕ್ಕೆ ಟಪ್ಪಂತ ಮಣಿ ಬಿತ್ತು. 4000ಕ್ಕೆ ಕೆನ್ನೆಯಲ್ಲೇ ಉಳಿಯಿತು. ಜಿಲ್ಲಾ ಆಸ್ಪತ್ರೆಗೆ ಯಾವ ದಿನ ಬರಬೇಕು ಎಂದು ಅವರೇ ಕೇಳಿದರು.